ಬೇಡವಾದ ವರಂಗಲ್ ಸೀಟು

ಸತೀಶನಷ್ಟು ಜಂಬದ ಮನುಷ್ಯ ಹೈದರಾಬಾದಿನ ತಾರ್ನಾಕದಲ್ಲಿ ಇನ್ನೊಬ್ಬನಿಲ್ಲ. ಯೂನಿವರ್ಸಿಟಿ ಪಕ್ಕದ ಬಡಾವಣೆ ನಮ್ಮದು, ಗಲ್ಲಿಗೆ ನಾಲ್ಕು ಪ್ರೊಫೆಸರುಗಳಿದ್ದಾರೆ, ಜಂಬಕ್ಕೇನೂ ಬರವಿಲ್ಲ. ಆದರೂ ಅವನನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಮೈಸೂರಿನವನು, ಹೈಟೆಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರು. ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ಅಂಥವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಾನೋ ರಾಯಚೂರಿನವಳು, ಕಮಲಾಕ್ಷಿ ಅಂತ ಹೆಸರು. ಇಲ್ಲಿಯ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತಳಾಗಿ ಮನೆಯಲ್ಲಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಅವನು ಮಗಳು ಪೂರ್ವಿಯನ್ನು ಕರೆದುಕೊಂಡು ನನ್ನ ಮನೆಗೆ ಬಂದ. ಹುಡುಗಿ ಇಂಟರ್ ಎರಡನೇ ವರ್ಷ ಓದುತ್ತಿದ್ದಳು, ಕರ್ನಾಟಕದಲ್ಲಿ ಪಿಯುಸಿ ಅನ್ನುತ್ತಾರಲ್ಲ, ಅದೇ.

"ಟೀಚರ್, ಪರೀಕ್ಷೆ ಹೊತ್ತಿಗೆ ಇವಳಿಗೆ ಕನ್ನಡ ಓದೋಕೆ ಬರೆಯೋಕೆ ಬರಬೇಕು," ಅಂದ.

"ಮನ್ಯಾಗ ಕನ್ನಡ ಮಾತಾಡಂಗಿಲ್ಲೇನ್ರಿ?"

"ಅವಳ ಇಂಗ್ಲಿಷ್ ಹಾಳಾಗುತ್ತೆ ಅಂತ ಬಿಟ್ಟುಬಿಟ್ವಿ."

ಬೀಡಿ ಬಿಟ್ಟವರ ಹಾಗೆ ಹೇಳಿದ ಪುಣ್ಯಾತ್ಮ, ಒಂದಿಷ್ಟೂ ನಾಚಿಕೆಯಿಲ್ಲ. ಈಗ ಕನ್ನಡ ಯಾಕೆ ಬೇಕಾಯಿತೆಂದರೆ, ಹೊರನಾಡ ಕನ್ನಡಿಗರ ಮಕ್ಕಳು ಕರ್ನಾಟಕದ ಮೆಡಿಕಲ್ ಸೀಟಿಗೆ ಅರ್ಜಿ ಹಾಕಬೇಕಾದರೆ ಒಂದು ಕನ್ನಡ ಪರೀಕ್ಷೆ ಪಾಸಾಗಬೇಕಿತ್ತು. ಸತೀಶ ಅದನ್ನು ಹಿತ್ತಲ ಬಾಗಿಲು ಅಂತ ತಿಳಿದುಕೊಂಡಿದ್ದ.

"ಅದನ್ನ ಎಷ್ಟು ಜನ ಬರೀತಾರೆ ಟೀಚರ್? ಕಾಂಪಿಟಿಷನ್ನೇ ಇರಲ್ಲ. ಬೆಂಗಳೂರಿನ ನಂಬರ್ ಒನ್ ಕಾಲೇಜೇ ಸಿಗುತ್ತೆ."

"ಹಂಗಲ್ರಿ ಸರ. ಅದು ಬರೇ ಸಾಲಿನ್ಯಾಗ ನಿಲ್ಲಾಕ ಬಿಡೋ ಪರೀಕ್ಷಾ. ನಿಂತ ಮ್ಯಾಲ ಇಡೀ ಕರ್ನಾಟಕದ ಹುಡುಗರ ಜೋಡಿ ಅಂಕ ತೂಗಿ ನೋಡ್ತಾರ."

ಅವನು ನಕ್ಕ. ಮುದುಕಿಗೇನು ಗೊತ್ತು ಅನ್ನುವ ನಗು. ನನಗೆ ಮೈಯೆಲ್ಲ ಉರಿಯಿತು. ಹುಡುಗಿಯ ಮುಖ ನೋಡಿ, ನಾಳೆಯಿಂದ ಬಾ ಅಂದೆ.

ಆ ಅಪ್ಪನ ಹೊಟ್ಟೆಯಲ್ಲಿ ಇಂಥ ಮಗಳು ಹೇಗೆ ಹುಟ್ಟಿದಳೋ. ಹೇಳಿಕೊಟ್ಟದ್ದನ್ನು ಮರೆಯುತ್ತಿರಲಿಲ್ಲ, ತಪ್ಪಾದರೆ ತಾನೇ ನಕ್ಕು ತಿದ್ದಿಕೊಳ್ಳುತ್ತಿದ್ದಳು. ಯುಗಾದಿ ಬರುವಷ್ಟರಲ್ಲಿ ನನ್ನ ಕೂಡ ನಮ್ಮ ರಾಯಚೂರಿನ ಮಾತೇ ಆಡತೊಡಗಿದಳು. ಒಮ್ಮೆ ಕೇಳಿದಳು, "ಟೀಚರ್, ನನಗ ಯಾವ ಕಾಲೇಜಾದ್ರೂ ನಡೀತೈತಿ, ಡಾಕ್ಟರ್ ಆದ್ರ ಸಾಕು. ಪೇಶೆಂಟ್ ಬಂದು ಎಲ್ಲಿ ಓದೀರಿ ಅಂತ ಕೇಳ್ತಾರೇನ್ರಿ?"

"ಹೊಟ್ಟಿನೋವು ಹಚ್ಕೊಂಡು ಬಂದಾವ್ರು ಅದನ್ನೆಲ್ಲ ಕೇಳಂಗಿಲ್ಲವ್ವ," ಅಂದೆ.

ಮೆಡಿಕಲ್ ಸೀಟಿಗೆ ಇಲ್ಲಿಯವರು ನಡೆಸುವ ಎಂಸೆಟ್, ಕರ್ನಾಟಕದ ಸಿಇಟಿ, ಕನ್ನಡ ಪರೀಕ್ಷೆ, ಎಲ್ಲವನ್ನೂ ಬರೆದಳು. ಇಂಟರ್‌ನಲ್ಲಿ ತೊಂಬತ್ತನಾಲ್ಕು ಪರ್ಸೆಂಟ್ ಬಂತು. ನಾನು ಖುಷಿಯಿಂದ ಪೇಡೆ ಕಟ್ಟಿಸಿಕೊಂಡು ಅವರ ಮನೆಗೆ ಹೋದರೆ ಅಲ್ಲಿ ಸೂತಕದ ಕಳೆ. ಸತೀಶ ಸೋಫಾದಲ್ಲಿ ತಲೆ ಹಿಡಿದು ಕೂತಿದ್ದ. ಅವನ ಹೆಂಡತಿ ವೇದವತಿ ಬಾಗಿಲಲ್ಲೇ ಪಿಸುಗುಟ್ಟಿದಳು, "ಟೀಚರ್, ಯಾರಾದ್ರೂ ಕೇಳಿದ್ರೆ ಇನ್ನೂ ರಿಸಲ್ಟ್ ನೋಡಿಲ್ಲ ಅಂತ ಹೇಳಿಬಿಡಿ. ಇವರ ಆಫೀಸಿನವರ ಮಗನಿಗೆ ತೊಂಬತ್ತೆಂಟು ಬಂದಿದೆ." ತೊಂಬತ್ತನಾಲ್ಕು ತಂದ ಮಗು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ತಟ್ಟೆ ತೊಳೆಯುತ್ತಿತ್ತು. ಪೇಡೆಯನ್ನು ಅವಳ ಬಾಯಿಗೇ ಹಾಕಿ ಬಂದೆ. ಥೂ, ಇವರ ಮನೆಯ ಮರ್ಯಾದೆಗಿಷ್ಟು.

ಎಂಸೆಟ್ ರ‍್ಯಾಂಕ್ ಬಂದಾಗ ಲೆಕ್ಕ ಸ್ಪಷ್ಟವಾಯಿತು. ಹೈದರಾಬಾದಿನ ಸರ್ಕಾರಿ ಕಾಲೇಜುಗಳು ಸಿಗುವುದಿಲ್ಲ, ವರಂಗಲ್ ಸಿಗುತ್ತದೆ. ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರು. ಅಲ್ಲಿ ಓದಿದ ಡಾಕ್ಟರೇ ನನ್ನ ಮಂಡಿನೋವಿಗೆ ಔಷಧಿ ಕೊಡುವುದು. ನಾನೇ ಸತೀಶನಿಗೆ ಫೋನ್ ಮಾಡಿದೆ.

"ಸರ, ಕೈಗೆ ಬಂದ ಸೀಟು ಬಿಡಬ್ಯಾಡ್ರಿ. ಬೆಂಗಳೂರಿಂದು ಆಮ್ಯಾಲ ನೋಡಿದ್ರಾತು."

"ವರಂಗಲ್ಲಾ? ಆಫೀಸಲ್ಲಿ ಏನಂತ ಹೇಳೋದು ಟೀಚರ್? ನನ್ನ ಕೈಕೆಳಗೆ ಇರೋರ ಮಕ್ಕಳೆಲ್ಲ ಎಲ್ಲೆಲ್ಲೋ ಓದ್ತಿದ್ದಾರೆ."

ಮಗಳು ಡಾಕ್ಟರಾಗುವುದಲ್ಲ, ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವಾಗ ಕಾಲೇಜಿನ ಹೆಸರು ಹೇಳುವುದು ಅವನಿಗೆ ಮುಖ್ಯ. ನಾನು ಫೋನ್ ಇಟ್ಟೆ.

ಸೀಟು ಹಂಚುವ ದಿನ ಏನಾಯಿತೆಂದು ಮಾರನೆಯ ದಿನ ಪೂರ್ವಿಯೇ ಬಂದು ಹೇಳಿದಳು. ಅಧಿಕಾರಿ ಅವಳನ್ನು ಕೂಗಿದರು. ವರಂಗಲ್ ಖಾಲಿಯಿದೆ, ತಗೊಳ್ತೀಯಾಮ್ಮ ಅಂದರು. ಇವಳು ಹೂಂ ಅಂದು ಸಹಿ ಹಾಕಲು ಬಗ್ಗಿದ್ದಾಳೆ. ಅಷ್ಟರಲ್ಲಿ ಅಪ್ಪ ಅವಳ ಕೈಯಿಂದ ಪೆನ್ನು ಕಿತ್ತುಕೊಂಡು, ನಮಗೆ ಬೇಡ ಅಂತ ಇಂಗ್ಲಿಷಿನಲ್ಲಿ ಹೇಳಿದನಂತೆ. ಅಧಿಕಾರಿ ಇನ್ನೊಮ್ಮೆ ಕೇಳಿದರಂತೆ, ಇವನು ಇನ್ನೊಮ್ಮೆ ಬೇಡ ಅಂದನಂತೆ. ಹಿಂದೆ ನಿಂತಿದ್ದ ನಲಗೊಂಡದ ಹುಡುಗಿ ಆ ಸೀಟು ತೆಗೆದುಕೊಂಡು ಅಲ್ಲೇ ಅಮ್ಮನನ್ನು ತಬ್ಬಿಕೊಂಡು ಅತ್ತಳಂತೆ. ಇದನ್ನು ಹೇಳುವಾಗ ಪೂರ್ವಿ ಅಳಲಿಲ್ಲ. ಅವಳ ಬದಲು ನಾನು ಅತ್ತೆ.

ಆಮೇಲೆ ಬೇಗಂಪೇಟೆಯಿಂದ ವಿಮಾನ ಹತ್ತಿ ಮೂವರೂ ಬೆಂಗಳೂರಿಗೆ ಹೋದರು. ಕನ್ನಡ ಪರೀಕ್ಷೆಯಲ್ಲಿ ಅವಳು ಚೆನ್ನಾಗಿಯೇ ಪಾಸಾಗಿದ್ದಳು. ಆದರೆ ಸಾಲಿನಲ್ಲಿ ಅವಳ ಸರದಿ ಬರುವಷ್ಟರಲ್ಲಿ ನಂಬರ್ ಒನ್ ಕಾಲೇಜು ಎಂದೋ ಮುಗಿದಿತ್ತು, ನಂಬರ್ ಇಲ್ಲದ ಕಾಲೇಜುಗಳೂ ಮುಗಿದಿದ್ದವು. ಸತೀಶ ಅಲ್ಲಿಯ ಗುಮಾಸ್ತರ ಜೊತೆ ಹೊರನಾಡ ಕನ್ನಡಿಗರ ಸೀಟು ಎಲ್ಲಿ ಅಂತ ಜಗಳವಾಡಿದನಂತೆ. ಅಂಥ ಸೀಟು ಯಾವತ್ತೂ ಇರಲಿಲ್ಲ ಸ್ವಾಮಿ ಅಂದರಂತೆ ಅವರು. ಒಳ್ಳೆಯದಾಯಿತು ಅನ್ನೋಣವೆಂದರೆ ಬಾಯಿ ಬರಲಿಲ್ಲ. ಸೀಟು ಹೋದದ್ದು ಅವನದಲ್ಲವಲ್ಲ.

ವಾಪಸು ಬಂದವನು ಊರ ಹೊರಗಿನ ಒಂದು ಡೆಂಟಲ್ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಅವಳನ್ನು ಸೇರಿಸಿದ. ಬೇಡ ಅಂದಳು, ಕೇಳಲಿಲ್ಲ. ಸಿಕ್ಕವರಿಗೆಲ್ಲ "ಮಗಳು ಡಾಕ್ಟರ್ ಓದ್ತಿದ್ದಾಳೆ" ಅಂತ ಎದೆ ಉಬ್ಬಿಸಿ ಹೇಳಿಕೊಂಡ. ಹಲ್ಲಿನ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ.

ನವೆಂಬರಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವ ಬಂತು. ಖರ್ಚು ವಹಿಸಿಕೊಂಡವನು ಸತೀಶ. ಹಾಗಾಗಿ ಕನ್ನಡ ಪರೀಕ್ಷೆ ಪಾಸು ಮಾಡಿದ ಪೂರ್ವಿಗೆ ಸನ್ಮಾನ. ಕಾರ್ಯದರ್ಶಿ ನರಸಿಂಹ, ಸಂಘದ ಯಾವ ಸಭೆಯಲ್ಲೂ ಮೈಕು ಬಿಡದ ಮನುಷ್ಯ, ಅವಳಿಗೆ ಶಾಲು ಹೊದಿಸಿ ಎರಡು ಮಾತಾಡವ್ವ ಅಂತ ಮೈಕು ಕೊಟ್ಟರು. ಮುಂದಿನ ಸಾಲಿನಲ್ಲಿ ಸತೀಶ ಕ್ಯಾಮೆರಾ ಎತ್ತಿಕೊಂಡ. ನಾನು ಮೂರನೇ ಸಾಲಿನಲ್ಲಿದ್ದೆ.

"ಎಲ್ಲಾರಿಗೂ ನಮಸ್ಕಾರ್ರಿ," ಅಂದಳು ಪೂರ್ವಿ. "ನನಗ ವರಂಗಲ್‌ನ್ಯಾಗ ಡಾಕ್ಟರ್ ಸೀಟು ಸಿಕ್ಕಿತ್ತು. ಆಫೀಸಿನ್ಯಾಗ ಹೇಳಾಕ ನಾಚಿಕಿ ಆಕ್ಕೈತಿ ಅಂತ ನಮ್ಮಪ್ಪ ಬ್ಯಾಡ ಅಂದ್ರು. ನಾನು ಡೆಂಟಲ್ ಕಾಲೇಜು ಬಿಟ್ಟೀನಿ. ಮನ್ಯಾಗ ಇನ್ನೂ ಹೇಳಿಲ್ಲ, ಈಗ ಹೇಳಾಕತ್ತೀನಿ. ಮುಂದಿನ ವರ್ಷ ಮತ್ತ ಪರೀಕ್ಷಾ ಬರೀತೀನಿ. ಯಾವ ಊರಾಗ ಸಿಕ್ಕರೂ ಹೋಗ್ತೀನಿ. ಸೀಟು ತಗೊಳ್ಳಾಕ ಅಪ್ಪ ನನ್ನ ಜೋಡಿ ಬರೋದು ಬ್ಯಾಡ."

ಮೈಕನ್ನು ನರಸಿಂಹ ಅವರ ಕೈಗಿಟ್ಟು ಮೆಟ್ಟಿಲಿಳಿದಳು. ವೇದವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸತೀಶನ ಕ್ಯಾಮೆರಾ ತೊಡೆಯ ಮೇಲೆ ಬಿದ್ದಿತ್ತು.

ನರಸಿಂಹ ಗಂಟಲು ಸರಿಮಾಡಿಕೊಂಡು ಮೈಕಿಗೆ ಬಾಯಿಟ್ಟರು. "ಕೇಳಿದ್ರಲ್ರಿ? ಹೈದರಾಬಾದಿನ್ಯಾಗ ಬೆಳೆದ ಹುಡುಗಿ, ಎಷ್ಟು ಚಂದ ಕನ್ನಡ ಮಾತಾಡಿದ್ಲು. ಹಿಂಗ ಮಕ್ಕಳನ್ನ ಬೆಳೆಸಿದ ತಂದಿ-ತಾಯಿಗೆ ಜೋರಾಗಿ ಚಪ್ಪಾಳಿ ಹೊಡೀರಿ."

ಹೊಡೆದರು. ಇಡೀ ಸಭೆ ಎದ್ದು ನಿಂತು ಹೊಡೆಯಿತು. ಎಲ್ಲರೂ ತನ್ನನ್ನೇ ನೋಡುತ್ತಿದ್ದರಿಂದ ಸತೀಶನೂ ಎದ್ದು ನಿಂತು ಚಪ್ಪಾಳೆ ಹೊಡೆದ.