ಹಾಲ್‌ನಲ್ಲಿಟ್ಟ ಸ್ಕ್ರೀನು

ಬೈಲಹೊಂಗಲದ ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎರಡು ಸ್ಕ್ರೀನುಗಳಿದ್ದವು. ಒಂದು, ಮಶೀನಿನ ಜೊತೆ ಬಂದದ್ದು. ಕಪ್ಪು ಬಿಳುಪಿನ ನಡುವಿನ ನೂರಾರು ಬೂದುಗಳನ್ನು ಬೇರೆಬೇರೆಯಾಗಿ ತೋರಿಸಲೆಂದೇ ಮಾಡಿದ್ದು. ಇನ್ನೊಂದು, ಬಿಲ್ ಬರೆಯುವ ಮಾಮೂಲಿ ಕಂಪ್ಯೂಟರಿನದು. ಮಾಲೀಕ ದುಂಡಪ್ಪನವರು ಹತ್ತಿ ವ್ಯಾಪಾರದಿಂದ ವೈದ್ಯಕೀಯಕ್ಕೆ ಬಂದವರು. ಒಳ್ಳೆಯ ಮಾಲು ಅಂಗಡಿಯ ಮುಂದಿರಬೇಕು ಎಂಬುದು ಅವರು ಬಲ್ಲ ಏಕೈಕ ಶಾಸ್ತ್ರ. ಹಾಗಾಗಿ ಮೊದಲನೆಯದು ಜನ ಕಾಯುವ ಹಾಲಿನಲ್ಲಿ, ಕಿಟಕಿಗಳಿಗೆ ದಪ್ಪ ಬಟ್ಟೆ ಇಳಿಬಿಟ್ಟ ತಂಪು ಕತ್ತಲಲ್ಲಿ ವಿರಾಜಮಾನವಾಗಿತ್ತು. ಅಂದಂದು ಸ್ಕ್ಯಾನ್ ಆದ ಮೆದುಳುಗಳು ಅದರಲ್ಲಿ ಒಂದರ ಹಿಂದೊಂದು ಹಾಯುತ್ತಿದ್ದವು, ಕೆಲವರು ಕೈಮುಗಿಯುತ್ತಿದ್ದರು. ಎರಡನೆಯದನ್ನು ಪಡುವಣ ಕಿಟಕಿಯ ಬಿಸಿಲಿನಲ್ಲಿಟ್ಟುಕೊಂಡು ರೇಡಿಯಾಲಜಿಸ್ಟ್ ಮೃಣಾಲಿನಿ ರಿಪೋರ್ಟು ಬರೆಯುತ್ತಿದ್ದಳು.

ಅವಳು ಮೂರು ಸಲ ಕೇಳಿದ್ದಳು.

"ಆ ಸ್ಕ್ರೀನು ನನ್ನ ಖೋಲಿಗೆ ಕಳಸ್ರಿ, ಸಾವಕಾರ್ರ."

"ಒಳಗಿಟ್ರ ಅದನ್ನ ಯಾರು ನೋಡತಾರ್ರಿ, ಬಾಯಾರ?"

"ನಾ ನೋಡ್ತೀನ್ರಿ!"

ದುಂಡಪ್ಪ ನಕ್ಕು ಚಹಾ ತರಿಸಿದ್ದರು. ಮೂರು ಸಲವೂ ಅವಳು ಕುಡಿದಿದ್ದಳು.

೨೦೦೬ರ ಒಂದು ಮಧ್ಯಾಹ್ನ ಉಗರಗೋಳದ ಸಿದ್ದಲಿಂಗವ್ವನನ್ನು ಮಗ ಯಮನಪ್ಪ ಕರೆತಂದ. ತಮ್ಮ ಅಂಗಡಿಯ ಅಟ್ಟದಿಂದ ಕುಂಕುಮದ ಡಬ್ಬಿ ಇಳಿಸುವಾಗ ಅವಳು ಬಿದ್ದು ವಾರವಾಗಿತ್ತು, ತಲೆನೋವು ಹೋಗಿರಲಿಲ್ಲ. ಸ್ಕ್ಯಾನ್ ಆಯಿತು. ಮೃಣಾಲಿನಿ ಬಿಸಿಲಿಗೆ ಕೈ ಅಡ್ಡ ಹಿಡಿದು ತನ್ನ ಸ್ಕ್ರೀನು ನೋಡಿದಳು, 'ಏನೂ ತೊಂದರೆಯಿಲ್ಲ' ಎಂದು ಬರೆದು ಸಹಿ ಹಾಕಿದಳು. ತಾಯಿ ಮಗ ಸವದತ್ತಿ ಬಸ್ಸಿಗೆ ಹೋದರು.

ಸ್ವಲ್ಪ ಹೊತ್ತಿಗೆ ನೀರು ಕುಡಿಯಲು ಹಾಲಿಗೆ ಬಂದವಳು ನಿಂತಲ್ಲೇ ನಿಂತಳು. ದೊಡ್ಡ ಸ್ಕ್ರೀನಿನಲ್ಲಿ ಸಿದ್ದಲಿಂಗವ್ವನ ಮೆದುಳು. ತಲೆಬುರುಡೆಯ ಒಳಮೈಗೆ ಅಂಟಿಕೊಂಡು, ಮೆದುಳಿಗಿಂತ ತುಸುವೇ ಬೆಳ್ಳಗಿನ ಬಾಗಿದ ಪಟ್ಟಿ. ರಕ್ತ. ಇನ್ನಷ್ಟು ಕೂಡಿದರೆ ಮೆದುಳನ್ನು ಒತ್ತಿ ಕೊಲ್ಲುವ ರಕ್ತ. ಬೆಂಚಿನ ಮೇಲಿದ್ದ ಕೂಸಿಗೂ ಕಾಣುವಷ್ಟು ಸ್ಪಷ್ಟ.

ಚಪ್ಪಲಿ ಸಿಕ್ಕಿದ್ದು ಒಂದೇ. ಅದನ್ನೂ ಬಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದಳು. ಬಸ್ಸಿನ ಇಂಜಿನ್ ಶುರುವಾಗಿತ್ತು.

"ತಲಿಯೊಳಗ ಏನೂ ಇಲ್ಲಂತ ನೀವ ಬರದು ಕೊಟ್ಟೀರಲ್ರಿ," ಸಿದ್ದಲಿಂಗವ್ವ ಸೀಟು ಬಿಡಲೊಲ್ಲಳು. "ನಮ್ಮ ಯಜಮಾನ ನಲವತ್ತ ವರ್ಷದಿಂದ ಅದನ್ನ ಹೇಳಾಕತ್ತಾನ."

"ನಾ ತಪ್ಪು ಬರದೀನವ್ವಾ. ಒಳಗ ರಕ್ತ ಅದ. ಇಳೀರಿ."

"ತಾಸಿನ್ಯಾಗ ರಕ್ತ ಎಲ್ಲಿಂದ ಬಂತ್ರಿ?" ಯಮನಪ್ಪ ಎದ್ದು ನಿಂತ. "ಓದಾಕ ಬರಂಗಿಲ್ಲೇನ ನಿಮಗ?"

ಅವನ ಮಾತಿನಲ್ಲಿ ತಪ್ಪೇನಿತ್ತು? ಊರಿಗೆಲ್ಲ ತೋರಿಸಲು ಒಂದು ಸ್ಕ್ರೀನು, ಓದಲು ಇನ್ನೊಂದು ಎಂದು ಯಾವ ಬಾಯಿಂದ ಹೇಳುವುದು?

"ಬೈಯೂದು ದಾರ್ಯಾಗ ಬೈರಿ. ಈಗ ಬೆಳಗಾವಿಗೆ ನಡೀರಿ."

ದುಂಡಪ್ಪನವರ ಕಾರು ಒಯ್ಯಲು ಅವಳು ಅವರನ್ನು ಕೇಳಲಿಲ್ಲ. ಅವರ ಡ್ರೈವರನಿಗೆ ಹತ್ತು ಎಂದಳು. ಯಮನಪ್ಪ ಬೆಳಗಾವಿಯವರೆಗೂ ಬೈದ. ಅದೇ ಸಂಜೆ ಆಪರೇಷನ್ ಆಯಿತು, ಸಿದ್ದಲಿಂಗವ್ವ ಉಳಿದಳು.

ಮರುದಿನ ಮುಂಜಾನೆ ಮೃಣಾಲಿನಿ ಬರುವಷ್ಟರಲ್ಲಿ ದುಂಡಪ್ಪ ಹಾಲಿನ ನಡುವೆ ನಿಂತಿದ್ದರು. ಎದುರಿಗೆ ಹದಿನೈದು ಇಪ್ಪತ್ತು ಜನ.

"ಡಾಕ್ಟರ್ ಕಣ್ಣಿಗೆ ಬೀಳದ್ದು ಈ ಸ್ಕ್ರೀನಿಗೆ ಬಿತ್ತು, ನೋಡ್ರಿ! ಇದನ್ನ ಇಲ್ಲಿ ಇಟ್ಟಿದ್ದಕ್ಕ ಆ ಮುದುಕಿ ಜೀವ ಉಳೀತು."

ಅವಳು ಹಿಂದಿನಿಂದ ಹೋಗಿ ವೈರು ಕಿತ್ತಳು.

"ಏ ಬಾಯಾರ, ಜನ ಅದಾರ! ಸಾವಕಾಶ ಮಾತಾಡೂಣು. ಚಹಾ ತರಸ್ತೇನಿ."

"ನೀವ ಕುಡೀರಿ."

ಸ್ಕ್ರೀನು ಭಾರವಾಗಿತ್ತು. ಎತ್ತುವಾಗ ಅವಳ ಬಳೆ ಒಡೆಯಿತು. ಯಾರೂ ಕೈ ಹಚ್ಚಲಿಲ್ಲ, ಯಾರೂ ತಡೆಯಲೂ ಇಲ್ಲ. ತನ್ನ ಖೋಲಿಯ ಬಾಗಿಲನ್ನು ಕಾಲಿನಿಂದ ಒದ್ದು ತೆರೆದಳು.