ಇರಬೇಕು

ಶಿವಾಜಿ ತನ್ನ ಅಣ್ಣ ಯಲ್ಲಪ್ಪನ ಚಟ್ಟದ ಬಿದಿರೊಂದನ್ನು ಕಿತ್ತು, ಕುಣಿಯೊಳಗೆ ಇಳಿದು ಮಣ್ಣು ತೆಗೆಯುತ್ತಿದ್ದ ಹೊಳೆಪ್ಪನಿಗೆ ಬಾರಿಸಿದ. ಹೆಣ ಇನ್ನೂ ಚಟ್ಟದ ಮೇಲೇ ಇತ್ತು. ಅದು ಒಂದು ಮಗ್ಗುಲಿಗೆ ವಾಲಿತು.

"ಈರೇಶಗ ನಮ್ಮಣ್ಣನ ಹೆಸರು ಹೇಳಿದಾಂವ ನೀನ ಹೌದಲ್ಲೋ?"

"ನಾ ಅಲ್ಲೋ ಶಿವಾಜಿ, ದೇವರಾಣಿ!" ಹೊಳೆಪ್ಪನ ಕಿವಿಯಿಂದ ರಕ್ತ ಇಳಿಯುತ್ತಿತ್ತು.

"ಇಂವನಂತ ನಿನಗ ಯಾರ ಹೇಳಿದ್ರೋ?" ಹಿರಿಯರೊಬ್ಬರು ಗದರಿದರು.

"ಮತ್ಯಾರ ಹೇಳತಾರ್ರಿ? ಇಂವನ ಇರಬೇಕು."

ಯಲ್ಲಪ್ಪನ ಹೆಂಡತಿ ಅನ್ನವ್ವ ಬೆಳಗಿನಿಂದ ನೆರೆಮನೆಯ ದುಂಡವ್ವನ ಹೆಗಲಿಗೇ ಒರಗಿದ್ದಳು.

*

ಮೊರಬದಲ್ಲಿ ಈ "ಇರಬೇಕು" ಬಲು ಅಗ್ಗ. ಬಸ್ಸು ಹೋಯಿತೇ ಎಂದರೆ ಹೋಗಿರಬೇಕು. ಗೌಡರು ಮನೆಯಲ್ಲಿದ್ದಾರೆಯೇ ಎಂದರೆ ಇರಬೇಕು. ಗೊತ್ತಿಲ್ಲ ಎನ್ನಲು ಜನಕ್ಕೆ ಏನು ಧಾಡಿಯೋ!

ಮೊನ್ನೆ ಈರೇಶನ ಹೊಲದಲ್ಲಿ ಪಂಪಿನ ಕೇಬಲ್ ಕಳುವಾಗಿತ್ತು. ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ದುಂಡವ್ವನನ್ನು ಅವನು ಬೈಕಿನ ಮೇಲಿಂದಲೇ ಕೇಳಿದ.

"ಯಾರರ ಬಂದಿದ್ರೇನಬೇ ಈ ಕಡೆ?"

"ಚೀಲ ಹೊತ್ತಾಂವ ಒಬ್ಬಾಂವ ಹೋದನ್ರಿ ಧಣಿ."

"ಯಾರಾಂವ?"

"ಯಲ್ಲಪ್ಪ ಇರಬೇಕ್ರಿ."

ಅವಳು ಕಂಡದ್ದು ದೂರದಿಂದ, ಬರೀ ಬೆನ್ನು. ಎತ್ತುಗಳಿಗೆ ಲಾಳ ಕಟ್ಟುವ ಯಲ್ಲಪ್ಪ ದಿನವೂ ಚೀಲ ಹೊತ್ತೇ ತಿರುಗುತ್ತಿದ್ದ. ಮೊಳೆ ಹೊಡೆಯುವ ಮುಂಚೆ ಎತ್ತಿನ ಕೊರಳು ತುರಿಸಿ, "ಒಂದೀಟು ತಡಕೋಪಾ" ಎನ್ನುತ್ತಿದ್ದ ಮನುಷ್ಯ.

ಈರೇಶ ಊರು ಮುಟ್ಟುವುದರೊಳಗೆ "ಇರಬೇಕು" ದಾರಿಯಲ್ಲೇ ಉದುರಿ, "ಯಲ್ಲಪ್ಪ" ಮಾತ್ರ ಉಳಿದಿತ್ತು. ನಾಲ್ಕು ಮಂದಿ ಯಲ್ಲಪ್ಪನನ್ನು ಬೇವಿನ ಗಿಡಕ್ಕೆ ಕಟ್ಟಿದರು. ಅವನದೇ ಸುತ್ತಿಗೆಯಿಂದ ಮೊಣಕಾಲು ಒಡೆದರು, ಆಮೇಲೆ ಎದೆ. ಉಸಿರು ನಿಂತ ಮೇಲೆ ಚೀಲ ಸುರುವಿದರು. ಲಾಳ, ಮೊಳೆ, ಅರ್ಧ ತಿಂದ ರೊಟ್ಟಿ ಬಿದ್ದವು.

ಈರೇಶನೂ ಅವನ ಜೊತೆಯವರೂ ಈಗ ಪೊಲೀಸರ ವಶದಲ್ಲಿದ್ದರು. ಹೆಸರು ಹೇಳಿದವರು ಯಾರೆಂದು ಮಾತ್ರ ಊರಿಗೆ ತಿಳಿದಿರಲಿಲ್ಲ.

*

ಬಿದಿರು ಮತ್ತೆ ಮೇಲೆದ್ದಿತು. ಹೊಳೆಪ್ಪ ಕುಣಿಯ ಮೂಲೆಗೆ ಮುದುಡಿ ತಲೆ ಮುಚ್ಚಿಕೊಂಡ. ಈ ಏಟು ಬಿದ್ದರೆ ಅವನು ಮೇಲೆ ಬರುವುದಿಲ್ಲವೆಂದು ದುಂಡವ್ವನಿಗೆ ಅನಿಸಿತು.

"ಬಿಡೋ ಅವನ್ನ! ಹೆಸರು ಹೇಳಿದಾಕಿ ನಾನು!"

ಶಿವಾಜಿಯ ಕೈ ಅಲ್ಲೇ ನಿಂತಿತು. ಅನ್ನವ್ವ ಅವಳ ಹೆಗಲಿನಿಂದ ತಲೆ ಎತ್ತಿದಳು.

"ಕಣ್ಣಾರೆ ನೋಡಿದ್ಯೇನಬೇ?"

"ಇಲ್ಲವ್ವಾ. ಇರಬೇಕು ಅಂದೆ, ಅಷ್ಟ."

"ಅಷ್ಟ?"

ಗಂಡನ ಕುಣಿಗೆ ಹಾಕಲೆಂದು ಅನ್ನವ್ವ ಮುಷ್ಟಿಯಲ್ಲಿ ಮಣ್ಣು ಹಿಡಿದಿದ್ದಳು. ಇನ್ನೊಂದು ಕೈಯಿಂದ ದುಂಡವ್ವನ ತುರುಬು ಹಿಡಿದು ಹಿಂದಕ್ಕೆ ಜಗ್ಗಿ, ಆ ಮಣ್ಣನ್ನೆಲ್ಲ ಅವಳ ಬಾಯಿಗೆ ತುರುಕಿದಳು. ಯಾರೂ ಬಿಡಿಸಲು ಬರಲಿಲ್ಲ. ತುಟಿ ಒಡೆದು ಮಣ್ಣು ಕೆಂಪಾಯಿತು.

ದುಂಡವ್ವ ಉಗುಳಲಿಲ್ಲ. ಅಗಿಯುತ್ತಾ ನಿಂತಳು.