ಎದೆಗೆ ಅಂಟಿಸಿದ ಪೆಟ್ಟಿಗೆ

ಡಾಕ್ಟರ್ ಹರಿತಾ ಹೇಳಿದ್ದನ್ನು ಮುನಿಶಾಮಪ್ಪ ಚಾಚೂ ತಪ್ಪದೆ ಪಾಲಿಸಿದ, ಅದೇ ಎಡವಟ್ಟಾಯಿತು. ಎರಡು ತಿಂಗಳಲ್ಲಿ ಮೂರು ಸಲ ಕಣ್ಣು ಕತ್ತಲೆ ಬಂದು ಬಿದ್ದಿದ್ದ ಅವನ ಎದೆಗೆ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಬಿಲ್ಲೆಗಳನ್ನು ಅಂಟಿಸಿ, ಅವುಗಳ ವೈರುಗಳನ್ನು ಎದೆಬಡಿತ ದಾಖಲಿಸುವ ಸೊಂಟದ ಪೆಟ್ಟಿಗೆಗೆ ಸಿಕ್ಕಿಸಿ ಆಕೆ ಹೇಳಿದ್ದಳು:

"ಒಂದಿನ ಪೂರ್ತಿ ಇದು ಮೈಮೇಲಿರ್ಬೇಕು. ಸ್ನಾನ ಮಾಡ್ಬೇಡಿ. ಹಾಗಂತ ಮಲಗೇ ಇರ್ಬೇಡಿ, ದಿನಾ ಮಾಡೋದನ್ನೇ ಮಾಡಿ. ತಲೆ ಸುತ್ತಿದ್ರೆ ಟೈಮು, ಆಗ ಏನ್ ಮಾಡ್ತಿದ್ರಿ ಅನ್ನೋದು, ಸುಳ್ಳಿಲ್ದೆ ಬರೆದಿಡಿ. ಎದೆಬಡಿತ ನಡುನಡುವೆ ನಿಲ್ತಿದ್ರೆ ಪೇಸ್‌ಮೇಕರ್ ಹಾಕ್ಬೇಕು. ಇಲ್ದಿದ್ರೆ ಒಂದಿನ ಬಿದ್ದೋರು ಏಳಲ್ಲ."

ದಿಬ್ಬೂರಹಳ್ಳಿಯಲ್ಲಿ ಅವನು ದಿನಾ ಮಾಡುತ್ತಿದ್ದದ್ದು ಎರಡೇ: ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯುವುದು, ತಮ್ಮ ಚಲಪತಿಯ ಜೊತೆ ಬದುವಿಗಾಗಿ ಬಡಿದಾಡುವುದು. ಮೊಳದಗಲದ ಬದು, ಹನ್ನೊಂದು ವರ್ಷದ ಹಗೆ. ಥೂ, ಒಂದೇ ತಾಯಿಯ ಹಾಲು ಕುಡಿದವರು!

ಮರುದಿನ ಬೆಳಿಗ್ಗೆ ಕುಡುಗೋಲು ಹಿಡಿದು ತೋಟಕ್ಕೆ ಹೋದರೆ ಚಲಪತಿ ಬದುವಿನ ಕಲ್ಲಿಗೆ ಹಾರೆ ಹಾಕಿ ಮೀಟುತ್ತಿದ್ದ.

"ಯಾರಪ್ಪಂದು ಅಂತ ಕೀಳ್ತಿದ್ದೀಯೋ?"

"ನಮ್ಮಪ್ಪಂದು. ನಿಮ್ಮಪ್ಪ ಬೇರೇನಾ?"

ಮುನಿಶಾಮಪ್ಪ ಕುಡುಗೋಲಿನ ಹಿಡಿಯಿಂದ ಅವನ ದವಡೆಗೆ ಬಾರಿಸಿದ. ಹಲ್ಲೊಂದು ಮುರಿದು ರಕ್ತ ಗಡ್ಡಕ್ಕಿಳಿಯಿತು. ಚಲಪತಿ ಅಣ್ಣನ ಅಂಗಿ ಹಿಡಿದೆಳೆದ. ಗುಂಡಿಗಳು ಕಿತ್ತುಹೋಗಿ, ಒಳಗಿನ ವೈರು, ಮಿಣುಕುವ ಹಸಿರು ದೀಪ ಕಂಡವು. ಹೋದ ವರ್ಷ ಇದೇ ಅಣ್ಣ ಜೇಬಿನ ಮೊಬೈಲಿನಲ್ಲಿ ಅವನ ಬೈಗುಳವನ್ನೆಲ್ಲ ತುಂಬಿಕೊಂಡು ಪೊಲೀಸ್ ಸ್ಟೇಷನ್ನಿನಲ್ಲಿ ಕೇಳಿಸಿದ್ದ.

"ಮತ್ತೆ ರೆಕಾರ್ಡ್ ಮಾಡ್ತಿದ್ದೀಯೇನೋ, ಕಳ್ಳ ನನ್ಮಗನೆ" ಎಂದು ಚಲಪತಿ ಹಾರೆ ಎತ್ತಿದ.

ಹಾರೆ ಇನ್ನೂ ಮೇಲಿರುವಾಗಲೇ ಮುನಿಶಾಮಪ್ಪನ ಕಣ್ಣು ಕತ್ತಲಾಯಿತು. ಯಾರೂ ಮುಟ್ಟದೆ, ಬುಡ ಕಡಿದ ಗಿಡದ ಹಾಗೆ ಬಿದ್ದ. ಬದುವಿನ ಕಲ್ಲು ಬಡಿದು ನೆತ್ತಿ ಸೀಳಿತು. ಎಚ್ಚರವಾದಾಗ ಚಲಪತಿ ಅವನ ಹೊಟ್ಟೆಯ ಮೇಲೆ ಕೂತು ವೈರು ಕೀಳುತ್ತಿದ್ದ. ಬಿಲ್ಲೆಗಳ ಜೊತೆ ಕೂದಲು, ಚರ್ಮ ಎಲ್ಲ ಬಂತು. ಹೆಂಡತಿ ಅಮ್ಮಾಜಮ್ಮ ಓಡಿ ಬಂದಾಗ ಕಂಡದ್ದು ಗಂಡನ ತಲೆಯ ರಕ್ತ, ಮೈದುನನ ಪಕ್ಕದಲ್ಲಿದ್ದ ಹಾರೆ. ಹಾರೆಯಲ್ಲಿ ಹೊಡೆದ ಎಂದು ಊರಿಗೆಲ್ಲ ಕೇಳುವಂತೆ ಬಾಯಿ ಬಡಿದುಕೊಂಡಳು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ತಲೆಗೆ ಎಂಟು ಹೊಲಿಗೆ ಬಿದ್ದವು. ಹರಿತಾ ಕಂಪ್ಯೂಟರಿನಲ್ಲಿದ್ದ ಗೆರೆ ತೋರಿಸಿದಳು.

"ಇಲ್ಲಿ ಏಳು ಸೆಕೆಂಡು ಸಪಾಟಾಗಿದೆ. ಎದೆಬಡಿತ ನಿಂತ್ರೂ ಹೀಗೇ ಬರತ್ತೆ, ವೈರು ಎಳೆದಾಡಿದ್ರೂ ಬರಬಹುದು. ನೀವು ಬಿದ್ದಿದ್ದು ಮೊದ್ಲೋ, ಅವ್ರು ವೈರು ಎಳೆದಿದ್ದು ಮೊದ್ಲೋ? ಯೋಚ್ನೆ ಮಾಡಿ ಹೇಳಿ. ನಿಮ್ಮ ಪ್ರಾಣದ ಪ್ರಶ್ನೆ."

ಬಾಗಿಲಾಚೆ ಪೊಲೀಸಿನವನು ಹೇಳಿಕೆಗೆ ಕಾಯುತ್ತಿದ್ದ. ಚಲಪತಿ ಆಗಲೇ ಸ್ಟೇಷನ್ನಿನಲ್ಲಿದ್ದ. ಮುನಿಶಾಮಪ್ಪನಿಗೆ ಎಲ್ಲವೂ ನೆನಪಿತ್ತು. ತಾನಾಗಿ ಬಿದ್ದೆ ಎಂದರೆ ಜೀವ ಉಳಿಯುತ್ತದೆ, ತಮ್ಮನೂ ಸಂಜೆಗೆ ಮನೆ ಸೇರುತ್ತಾನೆ. ಮೀಸೆ ತಿರುವಿಕೊಂಡು ಅದೇ ಬದುವಿನ ಮೇಲೆ ಓಡಾಡುತ್ತಾನೆ. ಅವನು ಗೆರೆಯಿಂದ ಮುಖ ತಿರುಗಿಸಿದ.

"ವೈರು ಕಿತ್ತ, ಹಾರೇಲಿ ಹೊಡ್ದ. ಆಮೇಲೆ ಬಿದ್ದೆ."

"ತಲೆ ಸುತ್ತಲಿಲ್ವಾ?"

"ಇಲ್ಲ."

"ಹಾಗಾದ್ರೆ ಈ ಗೆರೆ ನಂಬಕ್ಕಾಗಲ್ಲ. ಗಾಯ ಮಾಗಲಿ, ಇನ್ನೊಂದ್ಸಲ ಹಾಕೋಣ."

ಇನ್ನೊಂದು ಸಲ ಹಾಕಿದರೆ ನಿಜ ಹೊರಬೀಳುತ್ತದೆ. "ಬೇಡ ಬಿಡಮ್ಮ. ನನ್ ಎದೆಗೇನೂ ಆಗಿಲ್ಲ."

ಪಕ್ಕದಲ್ಲಿದ್ದ ಅಮ್ಮಾಜಮ್ಮ ಆ ಮಾತು ನಂಬಿ ದೇವರಿಗೆ ಕೈಮುಗಿದಳು. ಮುನಿಶಾಮಪ್ಪ ಎದ್ದ. ಏಳುತ್ತಲೇ ಅದೇ ಕತ್ತಲೆ ಬಂತು. ಮೇಜಿನ ಅಂಚು ಹಿಡಿದು ಬಗ್ಗಿ ನಿಂತ.

"ಏನಾಯ್ತು?" ಎಂದಳು ಹರಿತಾ.

"ಏನಿಲ್ಲ, ಚಪ್ಪಲಿ ನೋಡ್ತಿದ್ದೆ" ಎಂದ. ಕಣ್ಣಿಗೆ ಬೆಳಕು ಮರಳುವವರೆಗೂ ಹಲ್ಲು ಕಚ್ಚಿ ಹಾಗೇ ನಿಂತಿದ್ದು, ಹೇಳಿಕೆಗೆ ಸಹಿ ಹಾಕಲು ಹೊರಗೆ ನಡೆದ.